ಲೆಕ್ಕವು ಮೊದಲು, ಕಟ್ಟಡವು ಅನಂತರ

1964ರಲ್ಲಿ ಲಿಂಗನಮಕ್ಕಿ ಕಟ್ಟೆಯು ಮುಗಿದು, ಸಾಗರ ಹೊಸನಗರಗಳ ಎಷ್ಟೋ ಗ್ರಾಮಗಳು ಮುಳುಗಿದವು. ನಾಡಿಗೆ ಬೆಳಕಾಯಿತು, ಒಕ್ಕಲೆದ್ದವರಲ್ಲಿ ಅನೇಕರಿಗೆ ಭೂಮಿಯ ಹಕ್ಕುಪತ್ರವು ಇಂದಿಗೂ ದೊರೆತಿಲ್ಲ.

ಟೋಕಮಾಕ್ ಎಂಬ ಪರಮಾಣು ಸಮ್ಮಿಲನ ಯಂತ್ರವನ್ನು ಕಟ್ಟುವವರ ಪದ್ಧತಿಯೇ ಬೇರೆ. ಅದರೊಳಗೆ ಹುಟ್ಟುವ 35 ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಆಲ್ಫಾ ಕಣಗಳು ಪ್ಲಾಸ್ಮಾವನ್ನು ಕಾಯಿಸತಕ್ಕವು. ಆದರೆ ಅವುಗಳ ಗತಿಯು ಆಲ್ಫ್ವೆನ್ ಅಲೆಯ ಗತಿಗೆ ಹೊಂದಿತೆಂದರೆ, ಅಲೆಯು ಅವುಗಳ ಶಕ್ತಿಯನ್ನೇ ಉಂಡು ಬೆಳೆದು ಅವನ್ನು ಗೋಡೆಗೆ ಎಸೆಯಬಹುದು. ಈ ಅಪಾಯವನ್ನು ವಿಜ್ಞಾನಿಗಳು ಗಣಕಯಂತ್ರದಲ್ಲಿ ಮುಂಚಿತವಾಗಿಯೇ ಎಣಿಸಿ ನೋಡುವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಟೋಕಮಾಕ್ ಪ್ಲಾಸ್ಮಾದ ಗಣನೆಗಳು ನಡೆದಿವೆ.

ಶರಾವತಿ ಕಣಿವೆಯಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಹೂಡಿರುವ ಸರ್ಕಾರವು ಇದೇ ಕ್ರಮವನ್ನು ಅನುಸರಿಸತಕ್ಕದ್ದು. ಕಾಣದ ಕಣವನ್ನು ಎಣಿಸಬಲ್ಲ ನಾಡಿಗೆ ಕಣ್ಣೆದುರಿನ ಕಾಡನ್ನೂ ಒಕ್ಕಲನ್ನೂ ಎಣಿಸಲು ಬಾರದೆಂದರೆ ನಂಬುವವರಾರು?