ಪಿಯಾನೊ ಕನಸಿನ ರಾಜ, ಬೋನಾಳದ ಪೇಟಿ

ಭಾನುವಾರ ಬೆಳಿಗ್ಗೆ ಬೋನಾಳದಿಂದ ಅವ್ವನ ಫೋನು. ಮಳೆ, ಹತ್ತಿ, ಓಣಿಯ ಮದುವೆ ಎಲ್ಲ ಮಾತಾಡಿದ ಮೇಲೆ ಮೆಲ್ಲಗೆ ಕೇಳಿದಳು: “ತಮ್ಮಾ, ನಿಮ್ಮಪ್ಪನ ಪೇಟಿ ಹಂಗೇ ಮೂಲ್ಯಾಗ ಕುಂತದ. ಭಜನಿ ಹುಡುಗ ಒಬ್ಬಾಂವ ಕೇಳಕತ್ಯಾನ. ಕೊಡ್ಲೇನು?”

ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಶ್ರಾವಣ ಬಂತೆಂದರೆ ಗುಡಿಯ ಭಜನೆಯಲ್ಲಿ ಅಪ್ಪ ಅದನ್ನು ಬಾರಿಸುತ್ತಿದ್ದ. ಪಕ್ಕದಲ್ಲಿ ಕೂತು ನೋಡಿ ನೋಡಿ ನಾನೂ ಕಲಿತೆ. ಎಂಜಿನಿಯರಿಂಗ್ ಮುಗಿಸಿ ಧಾರವಾಡಕ್ಕೆ ಹೋಗಿ ಸರಿಯಾಗಿ ಸಂಗೀತ ಕಲಿಯಬೇಕು ಅಂತ ಒಂದು ಆಸೆ ಇತ್ತು. ಕೊನೆಯ ವರ್ಷದಲ್ಲಿ ಅಪ್ಪ ತೀರಿಕೊಂಡ. ನನಗಾಗ ಇಪ್ಪತ್ತೊಂದು. ಧಾರವಾಡ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದೆ.

ಹತ್ತು ವರ್ಷ ಆಯಿತು. ಆ ಪೇಟಿ ಮುಟ್ಟಿಲ್ಲ. ಆದರೂ “ಕೊಡು” ಅನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ. “ನೋಡ್ತೀನಿ ಯವ್ವಾ” ಅಂದು ಫೋನಿಟ್ಟೆ.

ರಾತ್ರಿ ನಿದ್ದೆ ಹತ್ತಲಿಲ್ಲ. ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವವರು ಒಬ್ಬರಿದ್ದಾರೆ. ಅವರೂ ನನ್ನ ಹಾಗೆ ಇಪ್ಪತ್ತೊಂದಕ್ಕೆ ಮನೆಯ ಭಾರ ಹೊತ್ತವರು. ಅವರ ಮನೆ ಮಾತ್ರ ಸ್ವಲ್ಪ ದೊಡ್ಡದು: ಮೈಸೂರಿನ ಅರಮನೆ.

ಜಯಚಾಮರಾಜೇಂದ್ರ ಒಡೆಯರ್ ಅಂದರೆ ನಮಗೆ ನೆನಪಾಗುವುದು ದಸರೆಯ ಅಂಬಾರಿಯಲ್ಲಿ ಕೂತ ಕೊನೆಯ ಮಹಾರಾಜರ ಫೋಟೊ. ಆ ಮಹಾರಾಜರಿಗೆ ಆಗಬೇಕೆಂದಿದ್ದದ್ದು ಪಿಯಾನೊ ಕಲಾವಿದ. ಹವ್ಯಾಸದ ಮಾತಲ್ಲ ಇದು. ಕಛೇರಿ ಕೊಡುವ ಪಿಯಾನೊ ವಾದಕನೇ ಆಗಬೇಕೆಂಬ ಆಸೆ. 1919ರಲ್ಲಿ ಹುಟ್ಟಿದ ಅವರು 1938ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಿಂದ ಪದವಿ ಪಡೆದರು, ಮರುವರ್ಷ ಯುರೋಪು ಸುತ್ತಿ ಬಂದರು. ಮುಂದಿನ ದಾರಿ ಕಣ್ಣೆದುರಿಗೇ ಇತ್ತು.

ಆಮೇಲೆ 1940 ಬಂತು. ಮಾರ್ಚ್‌ನಲ್ಲಿ ತಂದೆ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು. ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಹೋದರು. ಸೆಪ್ಟೆಂಬರ್‌ನಲ್ಲಿ ಇಪ್ಪತ್ತೊಂದರ ಹುಡುಗ ಸಿಂಹಾಸನದ ಮೇಲೆ. ಆರೇ ತಿಂಗಳಲ್ಲಿ ಇಷ್ಟೆಲ್ಲ ಆಗಿಹೋಯಿತು.

ರಾಜನಾದ ಮೇಲೆ ಪಿಯಾನೊ ಬಾರಿಸಬೇಡ ಅಂತ ಯಾರೂ ಹೇಳಿರಲಿಕ್ಕಿಲ್ಲ. ಅರಮನೆಯಲ್ಲಿ ದೊಡ್ಡ ಪಿಯಾನೊಗಳೇ ಇದ್ದವು. ಆದರೆ ಕಛೇರಿ ವಾದಕನ ಬದುಕು ಬೇರೆಯದೇ. ದಿನಕ್ಕೆ ಹಲವು ತಾಸು ಸಾಧನೆ ಬೇಕು. ಅರ್ಧ ತಾಸಿನ ಇಡೀ ಕೃತಿಯನ್ನು ಹಾಳೆ ನೋಡದೆ ನುಡಿಸಬೇಕು. ಊರಿಂದ ಊರಿಗೆ ತಿರುಗುತ್ತಾ, ಹೋದಲ್ಲಿ ಸಿಕ್ಕ ಪಿಯಾನೊಗೆ ಬೆರಳು ಒಗ್ಗಿಸಿಕೊಳ್ಳಬೇಕು. ಒಂದು ರಾಜ್ಯ ತಲೆಯ ಮೇಲೆ ಕೂತವನಿಗೆ ಇದು ಆಗುವ ಮಾತಲ್ಲ. ಅವರಿಗೆ ವಾದ್ಯದ ಕೊರತೆ ಇರಲಿಲ್ಲ. ಇಲ್ಲದೆ ಹೋದದ್ದು ಹೊತ್ತು.

ಆದರೂ ಪೂರ್ತಿ ಬಿಡಲಿಲ್ಲ. ಪಟ್ಟಕ್ಕೆ ಬಂದು ಐದು ವರ್ಷವಾದ ಮೇಲೆ, 1945ರಲ್ಲಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಆಳುವ ಮಹಾರಾಜನಿಗೆ ಆ ಸರ್ಟಿಫಿಕೇಟಿನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ನನಗೆ ಅವರ ಬಗ್ಗೆ ಪ್ರೀತಿ ಹುಟ್ಟಿದ್ದೇ ಇದನ್ನು ಓದಿದಾಗ.

ಆಮೇಲೆ ಅವರು ಮಾಡಿದ್ದು ಇನ್ನೂ ದೊಡ್ಡದು.

ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಅನ್ನುವ ರಷ್ಯದ ಪಿಯಾನೊ ವಾದಕ, ಸಂಗೀತ ರಚನೆಕಾರ ಇದ್ದರು. ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು, ಜಗತ್ತು ಅವರನ್ನು ಹೆಚ್ಚುಕಡಿಮೆ ಮರೆತಿತ್ತು. ಮೈಸೂರಿನ ಮಹಾರಾಜರು ಅವರ ಹೆಸರಿನಲ್ಲೇ ಸೊಸೈಟಿ ಕಟ್ಟಿಸಿ, ಅವರ ಸಂಗೀತದ ರೆಕಾರ್ಡಿಂಗಿಗೆ ಹಣ ಕೊಟ್ಟರು. ಪಿಯಾನೊ ಮುಂದೆ ಕೂತದ್ದು ಸ್ವತಃ ಮೆಟ್ನರ್. ಅವರ ಮೂರೂ ಪಿಯಾನೊ ಕನ್ಸರ್ಟೊಗಳು ಅವರದೇ ಕೈಯಲ್ಲಿ ದಾಖಲಾದವು. ಮೂರನೆಯದನ್ನು ಅವರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ಹೋದರು, ಬೆರಳಿನ ಸದ್ದು ಉಳಿಯಿತು. ಇವತ್ತು ಮೆಟ್ರೊದಲ್ಲಿ ನಿಂತು ನಾನು ಫೋನಿನಲ್ಲಿ ಅದನ್ನು ಕೇಳಬಹುದು.

ಇನ್ನೊಂದು ಕತೆ 1950ರ ಮೇ 22ರದು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಸಾಯುವ ಮುನ್ನ ಬರೆದ ‘ನಾಲ್ಕು ಕೊನೆಯ ಹಾಡುಗಳು’ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಬಂದ ದಿನ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ಫಿಲ್‌ಹಾರ್ಮೋನಿಯ. ಆ ಕಛೇರಿಯ ಖರ್ಚಿಗೆ ಬೆನ್ನಿಗೆ ನಿಂತವರು ನಮ್ಮ ಮಹಾರಾಜರು. ಅಂದು ಅವರು ಆ ಸಭಾಂಗಣದಲ್ಲಿ ಇರಲಿಲ್ಲ. ಕಛೇರಿಯನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಬೇಕು ಅನ್ನುವುದು ಏರ್ಪಾಡಾಗಿತ್ತು. ಅರಮನೆಯಲ್ಲಾಗಲೇ ಸುಮಾರು 20,000 ರೆಕಾರ್ಡುಗಳ ಸಂಗ್ರಹ ಇತ್ತಂತೆ.

ತಾನು ಹತ್ತಬೇಕೆಂದಿದ್ದ ವೇದಿಕೆಯ ಸದ್ದು ಡಬ್ಬಿಯಲ್ಲಿ ಪಾರ್ಸೆಲ್ ಆಗಿ ಬರುವುದು ಹೇಗಿರುತ್ತದೆ? ಸುಖವೋ ಸಂಕಟವೋ? ಎರಡೂ ಇರಬೇಕು.

ಇದನ್ನೆಲ್ಲ ತ್ಯಾಗ, ಔದಾರ್ಯ ಅಂತ ಹಾಡಿ ಹೊಗಳುವ ಮನಸ್ಸು ನನಗಿಲ್ಲ. ಖಜಾನೆ ಇತ್ತು, ಕೊಟ್ಟರು. ಆದರೆ ಖಜಾನೆ ಇದ್ದ ರಾಜರು ಬಹಳ ಜನ ಇದ್ದರು. ಬೇಟೆಗೂ ಕಾರುಗಳಿಗೂ ಸುರಿದರು. ಇವರು ತನಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗಲಿ ಅಂತ ಕೊಟ್ಟರು. ಸುಮ್ಮನೆಯೂ ಕೂರಲಿಲ್ಲ. ವೀಣೆ ಹಿಡಿದರು, ಕರ್ನಾಟಕ ಸಂಗೀತದ ಕಡೆ ತಿರುಗಿದರು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದರು. ಕಛೇರಿಗಳಲ್ಲಿ ಅವನ್ನು ಇಂದಿಗೂ ಹಾಡುತ್ತಾರೆ.

ನಮ್ಮ ಬೋನಾಳಕ್ಕೂ ಅವರಿಗೂ ಏನು ಸಂಬಂಧ ಅಂತ ಕೇಳಬಹುದು. ನಾವು ಮೈಸೂರು ಸೀಮೆಯವರಲ್ಲ. ನಮ್ಮೂರಿನ ಕೆರೆ, ಅದರ ಹಕ್ಕಿಗಳು ಎಲ್ಲ ಸುರಪುರದ ನಾಯಕ ಅರಸರ ಸೀಮೆ. ಆಮೇಲೆ ನಿಜಾಮರ ಆಡಳಿತ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ನಾವು ಈ ಕಡೆ ಬಂದೆವು. ಅವತ್ತು ಹೊಸ ರಾಜ್ಯದ ಮೊದಲ ರಾಜ್ಯಪಾಲರು ಯಾರು ಗೊತ್ತೇ? ಇದೇ ಜಯಚಾಮರಾಜೇಂದ್ರ ಒಡೆಯರ್. ನನ್ನ ಅಜ್ಜನ ಪಾಲಿಗೆ ಅವರು ಬರೀ ಒಂದು ಹೆಸರಾಗಿದ್ದಿರಬಹುದು. ನನಗೆ ಹಾಗಲ್ಲ.

ಇದಕ್ಕೆ ಪೂರಾ ಬೇರೆ ದಾರಿಯೂ ಒಂದಿದೆ ಅನ್ನಿ. ತಿಪಟೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣ ಕೂಡ ಚಿಕ್ಕಂದಿನಿಂದ ಪಿಯಾನೊ ಕಲಿತವರು. ಹೊಟ್ಟೆಪಾಡಿಗೆ ಆರಿಸಿಕೊಂಡದ್ದು ಭೌತವಿಜ್ಞಾನ. 1974ರಲ್ಲಿ ಪೋಖ್ರಾನ್‌ನ ಅಣು ಪರೀಕ್ಷೆಯ ಮುಂದಾಳತ್ವ ವಹಿಸಿದರು. ಅಂಥ ಕೆಲಸದ ನಡುವೆಯೂ ಪಿಯಾನೊ ಬಿಡಲಿಲ್ಲ. ಕಛೇರಿಗಳಲ್ಲಿ ನುಡಿಸಿದರು, ರಾಗ ಮತ್ತು ಪಾಶ್ಚಾತ್ಯ ಸಂಗೀತದ ರಚನೆಯ ಬಗ್ಗೆ ಪುಸ್ತಕವನ್ನೇ ಬರೆದರು. ಅಣುಕೇಂದ್ರ ನಡೆಸಿದವರಿಗೆ ಪಿಯಾನೊಗೆ ಪುರುಸೊತ್ತು ಸಿಕ್ಕಿತ್ತು. “ಟೈಮಿಲ್ಲ ಗುರು” ಅನ್ನುವ ನಾನು ದಿನಕ್ಕೆರಡು ತಾಸು ರೀಲ್ಸ್ ನೋಡುತ್ತೇನೆ.

ಹೀಗೆ ಯೋಚಿಸುತ್ತಾ ಮಲಗಿದ್ದಾಗ ಒಂದು ವಿಷಯ ಚುಚ್ಚಿತು. ಹತ್ತು ವರ್ಷ ಆ ಪೇಟಿಯನ್ನು ನಾನು ಇಟ್ಟುಕೊಂಡದ್ದು ಬಾರಿಸುವುದಕ್ಕಲ್ಲ. ನನಗೆ ಅನ್ಯಾಯ ಆಯಿತು ಅನ್ನುವುದಕ್ಕೆ ಸಾಕ್ಷಿಯಾಗಿ. ಊರಿಗೆ ಹೋದಾಗಲೆಲ್ಲ ಅದರ ಮೇಲಿನ ಬಟ್ಟೆ ನೋಡಿ ಒಂದು ನಿಟ್ಟುಸಿರು ಬಿಟ್ಟು ಬರುತ್ತಿದ್ದೆ. ಬಾರಿಸದ ಪೇಟಿ ಹಾಗೇ ಉಳಿಯುವುದಿಲ್ಲ. ತಿದಿ ಬಿರುಕು ಬಿಡುತ್ತದೆ, ಒಳಗಿನ ಸ್ವರದ ಪಟ್ಟಿಗಳಿಗೆ ಕಿಲುಬು ಹಿಡಿಯುತ್ತದೆ. ನಿಟ್ಟುಸಿರಿನಿಂದ ಅದಕ್ಕೆ ಗಾಳಿ ಸಿಗುವುದಿಲ್ಲ.

ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಫೋನ್ ಮಾಡಿದೆ.

“ಯವ್ವಾ, ಆ ಹುಡುಗಗ ಪೇಟಿ ಕೊಡು. ತಿದಿ ಸೋರತಿರಬೇಕು. ರಿಪೇರಿ ರೊಕ್ಕ ನಾ ಕಳಸ್ತೀನಿ.”

ಅವ್ವ ಒಂದು ಗಳಿಗೆ ಸುಮ್ಮನಾದಳು. “ಖರೇ ಹೇಳಕತ್ತೀಯೇನು? ಮತ್ತ ಬ್ಯಾಸರ ಮಾಡ್ಕೋಬ್ಯಾಡ.”

“ಬ್ಯಾಸರ ಆಗ್ತದ. ಆದ್ರೂ ಕೊಡು. ಶ್ರಾವಣಕ್ಕ ನಾ ಊರಿಗೆ ಬರ್ತೀನಿ. ಒಂದಿನ ನನಗೂ ಬಾರಸಾಕ ಕೊಡಬೇಕು ಅಂತ ಹೇಳು ಅವಗ.”

ಅವತ್ತು ಸಂಜೆ ಅವ್ವನ ಫೋನಿನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಮಾತಿಲ್ಲ, ಬರೀ ಪೇಟಿ. ಹುಡುಗ ಮೆಲ್ಲಗೆ ಸರಿಗಮ ಹತ್ತುತ್ತಿದ್ದ. ಪಂಚಮಕ್ಕೆ ಬಂದಾಗ ಸ್ವರದ ಬದಲು ಬುಸ್ ಅಂತ ಗಾಳಿಯ ಸದ್ದು. ಅವನು ಅಲ್ಲೇ ನಿಂತು, ಮತ್ತೊಮ್ಮೆ ಒತ್ತಿ ನೋಡಿ, ಮುಂದೆ ಹೋದ.

ಇಲ್ಲಿ ನನ್ನ ಬೆರಳು ಆಫೀಸಿನ ಮೇಜಿನ ಮೇಲೆ ಆ ಪಂಚಮವನ್ನು ಒತ್ತಿಕೊಂಡೇ ಇತ್ತು.