ನಮ್ಮ ಯೋಧರ ಕಥೆ ನಮ್ಮ ಕೈಬರಹದಲ್ಲಿರಲಿ

ಕೊಡಗಿನ ಬಂಧುಗಳೇ,

ಮಡಿಕೇರಿಯ ಹಳೇ ಖಾಸಗಿ ಬಸ್ ನಿಲ್ದಾಣದ ವೃತ್ತಕ್ಕೆ ಯಾರ ಹೆಸರಿದೆ ಎಂದು ಕೇಳಿದರೆ ನಮ್ಮಲ್ಲಿ ಬಹಳ ಮಂದಿ ತಕ್ಷಣ ಹೇಳುತ್ತಾರೆ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಅವರು ಮಾಡಿದ್ದೇನು ಎಂದು ಕೇಳಿದರೆ ಮಾತು ತಡವರಿಸುತ್ತದೆ. "ಪಾಕಿಸ್ತಾನದ ಯುದ್ಧದಲ್ಲಿ ತೀರಿಕೊಂಡರಂತೆ." ಆ "ಅಂತೆ"ಯನ್ನು ಅಳಿಸಲೆಂದೇ ಈ ಕರಪತ್ರ.

1965ರ ಸೆಪ್ಟೆಂಬರ್ 7. ಪಂಜಾಬಿನ ಆದಂಪುರದಿಂದ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯನವರ ಹೆಸರು ಮೊದಲ ಪಟ್ಟಿಯಲ್ಲಿರಲಿಲ್ಲ. ಯಾರಾದರೂ ಹೊರಡಲಾಗದಿದ್ದರೆ ಇರಲಿ ಎಂದು ಕಾದಿರಿಸಿದ ಪೈಲಟ್‌ಗಳಲ್ಲಿ ಅವರೊಬ್ಬರು. ಅವಕಾಶ ಬಂತು, ಹಾರಿದರು. ವಯಸ್ಸು 32.

ಅವರಿಗೆ ಎದುರಾದದ್ದು ಅಮೆರಿಕದಲ್ಲಿ ತಯಾರಾದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ ಅದು. ಮಿಸ್ಟೇರ್‌ಗೆ ಆ ವೇಗದ ಅರ್ಧವೂ ಇಲ್ಲ. ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್ ಹಾರಿಸಿದ ಗುಂಡುಗಳು ದೇವಯ್ಯನವರ ವಿಮಾನಕ್ಕೆ ಬಡಿದವು. ಇದರ ಕಥೆ ಮುಗಿಯಿತು ಎಂದುಕೊಂಡು ಆತ ಉಳಿದ ವಿಮಾನಗಳ ಕಡೆ ತಿರುಗಿದ. ಮುಗಿದಿರಲಿಲ್ಲ. ಪೆಟ್ಟು ತಿಂದ ವಿಮಾನವನ್ನೇ ತಿರುಗಿಸಿ ದೇವಯ್ಯ ಆತನ ಮೇಲೆ ಬಿದ್ದರು. ನೆಲಕ್ಕೆ ಹತ್ತಿರದಲ್ಲೇ ಕಾಳಗ ನಡೆಯಿತು. ಸ್ಟಾರ್‌ಫೈಟರ್ ಉರುಳಿತು, ಅಮ್ಜದ್ ಪ್ಯಾರಾಚೂಟ್ ಹಿಡಿದು ಇಳಿದು ಬದುಕಿದ. ದೇವಯ್ಯ ಹಿಂತಿರುಗಲಿಲ್ಲ. ಅವರ ದೇಹವನ್ನು ಅಲ್ಲಿನ ಹಳ್ಳಿಯವರೇ ಮಣ್ಣು ಮಾಡಿದರು ಎಂಬುದು ಎಷ್ಟೋ ವರ್ಷಗಳ ಮೇಲೆ ನಮಗೆ ತಿಳಿಯಿತು.

ಬಂಧುಗಳೇ, ಇದನ್ನು ಕಣ್ಣಾರೆ ಕಂಡವರು ನಮ್ಮ ಕಡೆ ಒಬ್ಬರೂ ಇರಲಿಲ್ಲ. ಜೊತೆಗೆ ಹಾರಿದವರಿಗೂ ಗೊತ್ತಾಗಲಿಲ್ಲ. ದಾಖಲೆಯಲ್ಲಿ ಉಳಿದದ್ದು "ಕಾಣೆಯಾಗಿದ್ದಾರೆ" ಎಂಬ ಒಂದು ಮಾತು. ಪದಕವಿಲ್ಲ, ಪ್ರಶಂಸೆಯಿಲ್ಲ. ಪಾಕಿಸ್ತಾನದ ದಾಖಲೆಗಳನ್ನು ಆಧರಿಸಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1979ರಲ್ಲಿ ಹೊರತಂದ ಪುಸ್ತಕದಿಂದ ಈ ಕಾಳಗದ ವಿವರ ಹೊರಬಿತ್ತು. ನಿವೃತ್ತರಾಗಿದ್ದ ತನೇಜಾ ಅದನ್ನು ಹಿಡಿದು ಸರ್ಕಾರಕ್ಕೆ ಬರೆದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಸತ್ತು 23 ವರ್ಷಗಳ ನಂತರ! ಆ ಪದಕವನ್ನು ಕೈಯಲ್ಲಿ ಹಿಡಿಯುವ ಹೊತ್ತಿಗೆ ಅವರ ಪತ್ನಿ ಎಷ್ಟು ಮಳೆಗಾಲ ಕಳೆದಿರಬೇಕು, ಒಂದು ಕ್ಷಣ ಯೋಚಿಸಿ.

ನಮ್ಮ ಮನೆಮಗನ ಸಾಹಸ ತಿಳಿಯಲು ನಾವು ಎದುರಾಳಿಯ ದಾಖಲೆಗೆ ಕಾಯಬೇಕಾಯಿತು. ಇದು ನಮ್ಮನ್ನು ಕಾಡಬೇಕು. 2025ರಲ್ಲಿ ಇದೇ ಕಥೆ ಆಧರಿಸಿ "ಸ್ಕೈ ಫೋರ್ಸ್" ಎಂಬ ಹಿಂದಿ ಸಿನಿಮಾ ಬಂತು. ದೇಶವೆಲ್ಲ ನೋಡಿತು. ಆದರೆ ತೆರೆಯ ಮೇಲಿನ ವೀರನಿಗೆ ಬೇರೆಯೇ ಹೆಸರು. ನಮ್ಮಲ್ಲಿ ಹಲವರು ನೊಂದುಕೊಂಡರು, ಅದರಲ್ಲಿ ನ್ಯಾಯವೂ ಇತ್ತು. ಹಾಗಂತ ಸಿನಿಮಾದವರನ್ನಷ್ಟೇ ದೂರಿ ಸುಮ್ಮನಾಗುವುದೇ? ದೇವಯ್ಯನವರ ಬದುಕನ್ನು ನಮ್ಮ ಪ್ರತಿ ಪ್ರೌಢಶಾಲೆಯ ಮಗುವೂ ಬಲ್ಲದು ಎನ್ನುವ ಸ್ಥಿತಿಯನ್ನು ನಾವು ಉಂಟುಮಾಡಿದ್ದೇವೆಯೇ?

ಅವರಿಗಾದರೂ ಒಂದು ವೃತ್ತವಿದೆ. ಕಾರ್ಯಪ್ಪ, ತಿಮ್ಮಯ್ಯ ಅವರಿಗೆ ಪ್ರತಿಮೆಗಳಿವೆ; ತಿಮ್ಮಯ್ಯನವರು ಹುಟ್ಟಿದ ಸನ್ನಿಸೈಡ್ ಮನೆ 2021ರಿಂದ ವಸ್ತುಸಂಗ್ರಹಾಲಯವೇ ಆಗಿದೆ. ಆದರೆ ಯಾವ ಪದಕವೂ ಬಾರದೆ ಸತ್ತ ಸಿಪಾಯಿ? 1947–48ರ ಕಾಶ್ಮೀರ, 1962ರ ಚೀನಾ ಗಡಿ, 1965, 1971, ಶ್ರೀಲಂಕಾ, ಕಾರ್ಗಿಲ್. ಕೊಡವರ ಐನ್‌ಮನೆಗಳಿಂದ, ಅರೆಭಾಷೆ ಗೌಡರ ಮನೆಗಳಿಂದ, ಲೈನ್‌ಮನೆಗಳಿಂದಲೂ ಹುಡುಗರು ಸೇನೆಗೆ ಹೋಗಿದ್ದಾರೆ. ಗೋಡೆಯ ಮೇಲೆ ಸಮವಸ್ತ್ರದ ಒಂದು ಫೋಟೊ ಇರುತ್ತದೆ. ಅಟ್ಟದ ಕಪ್ಪು ಟ್ರಂಕಿನಲ್ಲಿ ನಾಲ್ಕು ಇನ್‌ಲ್ಯಾಂಡ್ ಪತ್ರ, ಒಂದು ತಂತಿ. ನಮ್ಮ ಮಳೆ ಎಂಥದ್ದೆಂದು ನಿಮಗೆ ಗೊತ್ತು. ಬೂಷ್ಟು ಹಿಡಿದ ಕಾಗದ ಇನ್ನೆಷ್ಟು ಮುಂಗಾರು ತಾಳೀತು? ಫೋಟೊದಲ್ಲಿರುವವರು ಯಾರೆಂದು ಹೇಳಬಲ್ಲ ಅಜ್ಜಿಗೆ ಈಗ ಎಂಬತ್ತು ದಾಟಿದೆ.

"ಹಳೆಯ ಗಾಯ ಯಾಕೆ ಕೆದಕುತ್ತೀರಿ" ಎಂದು ಕೇಳುವವರಿದ್ದಾರೆ. ಆ ಮಾತಿನ ಹಿಂದೆ ಕರುಣೆಯಿದೆ, ಗೌರವಿಸುತ್ತೇವೆ. ಆದರೆ ಮಗನನ್ನು ಕಳೆದುಕೊಂಡ ಮನೆಯವರ ಬಳಿ ಹೋಗಿ ಕುಳಿತು ನೋಡಿ. ಅವನ ಬಗ್ಗೆ ಯಾರಾದರೂ ಕೇಳಲಿ ಎಂದೇ ಅವರು ಕಾದಿರುತ್ತಾರೆ. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸುವುದು ಬೇಡ.

ನಾವು ಕೇಳುವುದು ಇಷ್ಟೇ. ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಗಟ್ಟಿ ರಟ್ಟಿನ ಒಂದು ಪುಸ್ತಕ ಇರಲಿ. ಆ ಊರಿನಿಂದ ಹೋಗಿ ಮರಳದವರ ಹೆಸರು, ರೆಜಿಮೆಂಟು, ಮಡಿದ ದಿನ, ಜಾಗ, ಮತ್ತು ಮನೆಯವರು ಹೇಳಿದ ಮಾತು ಅವರದೇ ಭಾಷೆಯಲ್ಲಿ ಅದರಲ್ಲಿ ಸೇರಲಿ. ಕೊಡವ ತಕ್ಕಾದರೆ ಕೊಡವ ತಕ್ಕ್, ಅರೆಭಾಷೆಯಾದರೆ ಅರೆಭಾಷೆ. ಬರೆಯುವವರು ನಮ್ಮ ಹೈಸ್ಕೂಲು ಮಕ್ಕಳೇ ಆಗಲಿ. ಅವರ ಪಕ್ಕ ನಿವೃತ್ತ ಸೈನಿಕರೊಬ್ಬರು ಕೂರಲಿ, ರೆಜಿಮೆಂಟಿನ ಹೆಸರು, ಜಾಗದ ಹೆಸರು ತಪ್ಪದಂತೆ ನೋಡಿಕೊಳ್ಳಲಿ. ಪತ್ರ, ಫೋಟೊಗಳ ಪ್ರತಿ ತೆಗೆದು ಮೂಲವನ್ನು ಅಂದೇ ಮನೆಗೆ ಹಿಂತಿರುಗಿಸಬೇಕು. ಇದಕ್ಕೆ ಅನುದಾನ ಕಾಯಬೇಕಿಲ್ಲ, ಉದ್ಘಾಟನೆಯೂ ಬೇಡ.

ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದಿಗೆ ಎಲ್ಲರೂ ಊರಿಗೆ ಬರುತ್ತೀರಿ. ಕೋವಿಗೆ ಹೂವಿಟ್ಟ ಮೇಲೆ, ಊಟ ಮುಗಿದ ಮೇಲೆ, ಆ ಟ್ರಂಕನ್ನು ಅಟ್ಟದಿಂದ ಇಳಿಸಿ. ಹಿರಿಯರ ಪಕ್ಕ ಕುಳಿತು ಕೇಳಿ, ಬರೆದುಕೊಳ್ಳಿ. 7ನೇ ತಾರೀಖು ದೇವಯ್ಯ ವೃತ್ತಕ್ಕೆ ಹೂವಿನ ಜೊತೆ ಆ ಹಾಳೆಯನ್ನೂ ತನ್ನಿ.

ಓದಿದ ಮೇಲೆ ಎಸೆಯಬೇಡಿ. ಪಕ್ಕದ ಮನೆಗೆ ಕೊಡಿ.