ಒಬ್ಬ ರೋಗಿಗೆ ಒಂದೇ ಸರದಿ

2009ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್‌ಗೆ ಲಿವರ್ ಕಸಿಯಾಯಿತು. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿದ ನ್ಯೂರೋಎಂಡೋಕ್ರೈನ್ ಗಡ್ಡೆ ಅವರ ಲಿವರ್‌ಗೆ ಹಬ್ಬಿತ್ತು. 2011ರ ಅಕ್ಟೋಬರ್ 5ರಂದು ಅವರು ತೀರಿಕೊಂಡರು. ಹಬ್ಬಿದ ಕ್ಯಾನ್ಸರಿಗೆ ದಾನದ ಲಿವರ್ ಕೊಟ್ಟು ವ್ಯರ್ಥ ಮಾಡಿದರು ಎಂಬ ದೂರು ಇಂದಿಗೂ ನಿಂತಿಲ್ಲ. ಈ ದೂರನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಅನ್ಯಾಯ ಆದದ್ದು ನಿಜ, ಆದರೆ ಅದು ಬೇರೆ ಕಡೆ.

ಈ ಗಡ್ಡೆ ಸಾಮಾನ್ಯ ಮೇದೋಜೀರಕ ಕ್ಯಾನ್ಸರಿನಂತಲ್ಲ. ಬಹಳ ಸಲ ನಿಧಾನವಾಗಿ ಬೆಳೆಯುತ್ತದೆ, ಹಬ್ಬಿದರೂ ವರ್ಷಗಟ್ಟಲೆ ಲಿವರ್‌ನಲ್ಲೇ ಉಳಿಯುತ್ತದೆ. ಇಟಲಿಯ ಮಿಲಾನ್‌ನಲ್ಲಿ ವಿಂಚೆಂಜೊ ಮಜಾಫೆರೊ ತಂಡ ಕಟ್ಟುನಿಟ್ಟಿನ ಮಾನದಂಡ ರೂಪಿಸಿತು: ಗಡ್ಡೆ ಕೆಳದರ್ಜೆಯದಾಗಿರಬೇಕು, ಮೂಲ ಗಡ್ಡೆಯನ್ನು ಮೊದಲೇ ತೆಗೆದಿರಬೇಕು, ಲಿವರ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಆವರಿಸಿರಬಾರದು, ಕನಿಷ್ಠ ಆರು ತಿಂಗಳು ರೋಗ ಬೆಳೆಯದೆ ನಿಂತಿರಬೇಕು. ಹೀಗೆ ಆರಿಸಿ ಕಸಿ ಮಾಡಿದ 42 ಮಂದಿಯಲ್ಲಿ ಐದು ವರ್ಷ ಬದುಕುಳಿದವರ ಪ್ರಮಾಣ ಶೇ 97, ಹತ್ತು ವರ್ಷಕ್ಕೆ ಸುಮಾರು ಶೇ 89 ಎಂದು 2016ರಲ್ಲಿ ಪ್ರಕಟವಾಯಿತು. ಆರಿಸಿದ ರೋಗಿಗಳಾದ್ದರಿಂದ ಅಂಕಿ ಹೊಳೆಯುತ್ತದೆ, ಸರಿ. ಎಲ್ಲ ಬಗೆಯ ರೋಗಿಗಳೂ ಸೇರಿದ ಯುರೋಪಿನ ದಾಖಲೆಗಳಲ್ಲಿ ಐದು ವರ್ಷದ ಪ್ರಮಾಣ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಅಷ್ಟಾದರೂ, ಸರಿಯಾಗಿ ಆರಿಸಿದ ರೋಗಿಗೆ ಬಾಗಿಲು ಮುಚ್ಚುವುದು ಕ್ರೌರ್ಯವೇ.

ತೊಡಕಿರುವುದು ಸರದಿಯ ಲೆಕ್ಕದಲ್ಲಿ. ಅಮೆರಿಕದಲ್ಲಿ 2002ರಿಂದ ಮೆಲ್ಡ್ ಅಂಕ ಹೆಚ್ಚಿದ್ದವರಿಗೆ, ಅಂದರೆ ಲಿವರ್ ಕೆಟ್ಟು ಸಾವಿಗೆ ಹತ್ತಿರವಿರುವವರಿಗೆ, ಆದ್ಯತೆ. ಈ ಗಡ್ಡೆಯಲ್ಲಿ ಕಸಿಯ ಫಲ ಸಿಗುವುದು ರೋಗ ನಿಂತಿರುವಾಗ. ಆಗ ಅಂಕ ಸಾಮಾನ್ಯವಾಗಿ ಮೇಲೇರುವುದಿಲ್ಲ. ಅಂಕ ಏರುವ ಹೊತ್ತಿಗೆ ಕಾಲ ಮೀರಿರಬಹುದು. ಜಾಬ್ಸ್ ತಮ್ಮ ರಕ್ತದ ಗುಂಪಿನಲ್ಲಿ ಅತಿ ಹೆಚ್ಚು ಅಂಕದ ರೋಗಿಯಾಗಿದ್ದರೆಂದು ಮೆಂಫಿಸ್ ಆಸ್ಪತ್ರೆಯೇ ಹೇಳಿತು. ಹಳೆಯ ಲಿವರ್ ತೆಗೆದಾಗ ಉದರದ ಒಳಪೊರೆಯ ಮೇಲೂ ಕಲೆಗಳು, ಅಂದರೆ ರೋಗ ಲಿವರ್ ದಾಟಿರಬಹುದಾದ ಸೂಚನೆ, ಕಂಡವೆಂದು ಜೀವನಚರಿತ್ರೆಕಾರ ವಾಲ್ಟರ್ ಐಸಾಕ್ಸನ್ ಬರೆದಿದ್ದಾರೆ.

ಅತಿ ಹೆಚ್ಚು ಅಂಕ, ಸರಿ. ಆದರೆ ಯಾವ ಪಟ್ಟಿಯಲ್ಲಿ? ಅವರ ಮನೆಯಿದ್ದ ಕ್ಯಾಲಿಫೋರ್ನಿಯಾದಲ್ಲಿ ಆಗ ಕಾಯುವಿಕೆ ದೀರ್ಘವಾಗಿತ್ತು, ಮೆಂಫಿಸ್ ಇರುವ ಟೆನೆಸ್ಸಿಯಲ್ಲಿ ಕಡಿಮೆಯಿತ್ತು. ಅವರು ಎರಡೂ ಕಡೆ ಹೆಸರು ಬರೆಸಿದ್ದರು. ಕಾನೂನು ಅದನ್ನು ಒಪ್ಪುತ್ತದೆ. ಆದರೆ ಕರೆ ಬಂದ ಕೆಲವೇ ತಾಸಿನಲ್ಲಿ ಇನ್ನೊಂದು ರಾಜ್ಯದ ಆಸ್ಪತ್ರೆ ಮುಟ್ಟಲು ಸ್ವಂತ ವಿಮಾನ ಬೇಕು, ಎರಡೆರಡು ಕಡೆಯ ತಪಾಸಣೆಗೆ ಹಣ ಬೇಕು. ಆ ಕಾನೂನು ಬಡ ರೋಗಿಯ ಪಾಲಿಗೆ ಇಲ್ಲದಂತೆಯೇ. 2020ರಲ್ಲಿ ಅಮೆರಿಕ ಲಿವರ್ ಹಂಚಿಕೆಯ ಭೂಪಟವನ್ನು ಬದಲಿಸಿದಾಗಲೂ ಎರಡು ಕಡೆ ಹೆಸರು ಬರೆಸುವ ಈ ಅನುಮತಿಯನ್ನು ಕಿತ್ತುಹಾಕಲಿಲ್ಲ. ನಿಯಮ ಬಳಸಿಕೊಂಡ ರೋಗಿಯನ್ನು ದೂರಲಾರೆ; ಅದನ್ನು ಉಳಿಸಿಕೊಂಡವರನ್ನು ದೂರುತ್ತೇನೆ.

ನಮಗೂ ಇದು ದೂರದ ಕಥೆಯಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಅಂಗಾಂಗ ನೋಂದಣಿಗೆ ಇದ್ದ ವಾಸಸ್ಥಳದ ಷರತ್ತನ್ನು ತೆಗೆಯುವಂತೆ ರಾಜ್ಯಗಳಿಗೆ ಹೇಳಿತು. ಆ ಷರತ್ತು ಹೋಗಬೇಕಾದದ್ದೇ. ಆದರೆ ದಾನ ಹೆಚ್ಚು ನಡೆಯುವ ತೆಲಂಗಾಣ, ತಮಿಳುನಾಡು, ಕರ್ನಾಟಕಗಳ ಪಟ್ಟಿಗೆ ಓಡಿಬರುವ ಶಕ್ತಿ ಯಾರಿಗಿದೆ? ರೋಗಿಗೆ ಕೊಡುವ ರಾಷ್ಟ್ರೀಯ ಗುರುತಿನ ಸಂಖ್ಯೆ ಅವರನ್ನು ಒಂದೇ ಪಟ್ಟಿಗೆ ಕಟ್ಟಿಹಾಕುವಂತಿರಬೇಕು. ಕರ್ನಾಟಕದ ಅಂಗಾಂಗ ಹಂಚಿಕೆ ಸಂಸ್ಥೆ ಜೀವಸಾರ್ಥಕತೆಯೂ ಇತರ ರಾಜ್ಯಗಳ ಸಂಸ್ಥೆಗಳೂ ಹೊರರಾಜ್ಯದ ರೋಗಿಗಳಿಗೆ ಎಷ್ಟು ಅಂಗ ಹೋಯಿತು, ಅವರು ಎಷ್ಟು ದಿನ ಕಾದರು ಎಂಬುದನ್ನು ಹೆಸರಿಲ್ಲದೆ, ಪ್ರತಿ ವರ್ಷ ಪ್ರಕಟಿಸಲಿ.